ಅಪ್ಪನ ಕುಡಿತ ಬಿಡಿಸಿದ ಊರು, ಮಗಳಿಗೆ ಹಾಕಿದ ದಂಡ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಹುಳು ಸಾಕುವ ಮನೆ. ಮಗಳಿಗೆ 22 ವರ್ಷ. ಬಿಕಾಂ ಮುಗಿಸಿ ದೇವನಹಳ್ಳಿ ಕಡೆ ಕೆಲಸಕ್ಕೆ ಸೇರಿದ್ದಾಳೆ. ವಾರ ಬಿಟ್ಟು ವಾರ ಸೆಕೆಂಡ್ ಶಿಫ್ಟ್. ಕಂಪನಿ ಗಾಡಿ ಊರ ಮುಂದೆ ಇಳಿಸುವಾಗ ರಾತ್ರಿ 11 ಗಂಟೆ. ಊರ ಹಿರಿಯರ ಕಟ್ಟುಪಾಡು ಏನಪ್ಪಾ ಅಂದರೆ, 8 ಗಂಟೆಯೊಳಗೆ ಹೆಣ್ಣುಮಕ್ಕಳು ಮನೆ ಸೇರಬೇಕು. ಎರಡು ಸಲ ಎಚ್ಚರಿಸಿದರು. ಮೂರನೇ ಸಲ ಅರಳಿಕಟ್ಟೆಗೆ ಕರೆಸಿ 5 ಸಾವಿರ ದಂಡ ಹಾಕಿದರು.

ಅವಳು ನನ್ನ ಬಳಿ ಆಪ್ತಸಲಹೆಗೆ ಬಂದಿದ್ದು ದಂಡದ ವಿಷಯಕ್ಕಲ್ಲ, ನಿದ್ದೆ ಬರಲ್ಲ ಅಂತ. ಗಾಡಿ ಇಳಿದ ಕೂಡಲೇ ಎದೆ ಡವಡವ ಅನ್ನುತ್ತದಂತೆ.

ಕಥೆ ಕೇಳಿ ನಾನು ದುಡುಕಿದೆ. "ದಂಡ ಹಾಕೋಕೆ ಅವರ್ಯಾರು?" ಅಂದುಬಿಟ್ಟೆ. ಅವಳ ಕಣ್ಣು ತುಂಬಿತು. "ಹಂಗನ್ಬೇಡಿ ಮೇಡಂ. ನಮ್ಮಪ್ಪನ ಕುಡಿತ ಬಿಡಿಸಿದ್ದು ಅವರೇ."

ನಾಲ್ಕು ವರ್ಷದ ಹಿಂದೆ ಚಿಲ್ಲರೆ ಅಂಗಡಿಗಳಲ್ಲಿ ಕದ್ದು ಹೆಂಡ ಮಾರುವುದನ್ನು ಇದೇ ಹಿರಿಯರು ನಿಲ್ಲಿಸಿದ್ದರು. ಕುಡಿದು ಹೆಂಡತಿಗೆ ಹೊಡೆದವರಿಗೆ ದಂಡ. ಅಪ್ಪ ಎರಡು ಸಲ ದಂಡ ಕಟ್ಟಿ, ಮೂರನೇ ಸಲಕ್ಕೆ ಬಿಟ್ಟರು. ಅಡವಿಟ್ಟಿದ್ದ ಅಮ್ಮನ ಓಲೆ ಮನೆಗೆ ಬಂತು. ಇವಳು ಓದಿದ್ದೂ ಆಮೇಲೆಯೇ. ಈಗ ಅವರ ಮಾತು ಮೀರುವುದು ಹೇಗೆ?

ಎರಡನೇ ಭೇಟಿಗೆ ಅಪ್ಪನೂ ಬಂದರು. "ಒಂದು ಕಟ್ಟು ಸಡಿಲ ಬಿಟ್ರೆ ಎಲ್ಲಾ ಬಿಚ್ಚೋಗುತ್ತೆ ಮೇಡಂ" ಅಂದರು. ನಾನು ಅವರ ಹಿಪ್ಪುನೇರಳೆ ತೋಟದ ಮಾತು ತೆಗೆದೆ. ಪಕ್ಕದವರು ಔಷಧಿ ಹೊಡೆದರೆ?

"ನಮ್ಮ ಸೊಪ್ಪಿನ ಮೇಲೆ ಬೀಳುತ್ತೆ. ಅದನ್ನ ತಿಂದ್ರೆ ಹುಳ ಹೋದಂಗೆ."

"ಅವರನ್ನ ತಡೀಬಹುದಾ?"

"ತಡೀಲೇಬೇಕು."

"ಅವರು ದ್ರಾಕ್ಷಿ ಹಾಕಲಿ, ಟೊಮೆಟೊ ಹಾಕಲಿ ಅಂತ ನೀವು ಹೇಳಬಹುದಾ?"

"ಅದು ಅವರಿಷ್ಟ."

"ನಿಮ್ಮ ಮಗಳ ಶಿಫ್ಟು ಯಾರ ಸೊಪ್ಪಿನ ಮೇಲೆ ಬಿದ್ದಿದೆ?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಮರ್ಯಾದೆ ಅಂತ ಒಂದಿದೆಯಲ್ಲ" ಅಂದರು. ಇಂಥ ಮಾತು ಒಂದೇ ದಿನದಲ್ಲಿ ಬಗೆಹರಿಯುವುದಿಲ್ಲ, ಬಿಡಿ.

ನನಗನ್ನಿಸಿದ್ದು ಇಷ್ಟು. ಕದ್ದು ಹೆಂಡ ಮಾರುವುದು ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಹೆಂಡತಿಗೆ ಹೊಡೆಯುವುದನ್ನು ತಡೆಯಲು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಆದರೆ ಆ ದಾರಿ ಹಿಡಿಯದೆ ಕಟ್ಟೆಯಲ್ಲೇ ತೀರ್ಮಾನವಾಯಿತು. ಫಲ ಚೆನ್ನಾಗಿತ್ತು, ಯಾರೂ ಪ್ರಶ್ನೆ ಕೇಳಲಿಲ್ಲ. ಅದೇ ಅಧಿಕಾರ ಈಗ ಗಡಿಯಾರ ಹಿಡಿದು ನಿಂತಿದೆ.

ಅವಳಿಗೆ ಹೇಳಿದೆ: ಹಿರಿಯರ ಉಪಕಾರ ಸುಳ್ಳಲ್ಲ. ಅದನ್ನು ಅವರ ಎದುರೇ ಹೇಳು. ಆದರೆ ಆ ಋಣ ತೀರಿಸೋಕೆ ಕೆಲಸ ಬಿಡಬೇಕಿಲ್ಲ. ಕಟ್ಟೆಯ ದಂಡಕ್ಕೆ ಕಾನೂನಿನ ಬಲವಿಲ್ಲ, ಕಟ್ಟಬೇಡ. ಬಹಿಷ್ಕಾರ, ಬೆದರಿಕೆ ಅಂತ ಬಂದರೆ ಪೊಲೀಸರಿಗೆ ತಿಳಿಸು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ರಾತ್ರಿ ಗಾಬರಿ ಜಾಸ್ತಿಯಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416. ಬೆಂಗಳೂರಿನ ಪಿಜಿಗೆ ಹೋಗಿಬಿಡಲಾ ಅಂತ ಕೇಳಿದಳು. ಬೇಕಾದರೆ ಹೋಗು, ಹೆದರಿ ಓಡಬೇಡ ಅಂದೆ.

ಕಟ್ಟೆಯಲ್ಲಿ ಹೆಂಗಸರು ಕೂರುವುದಿಲ್ಲ. ಗ್ರಾಮಸಭೆಯಲ್ಲಿ ಅವಳಿಗೂ ಅಪ್ಪನಷ್ಟೇ ಹಕ್ಕಿದೆ. ಕತ್ತಲ ದಾರಿಯೇ ಭಯವಾದರೆ ಅಲ್ಲಿ ದೀಪ ಕೇಳು ಅಂದೆ.

ಅಮ್ಮ ಮತ್ತು ಇನ್ನಿಬ್ಬರು ಹುಡುಗಿಯರ ಜೊತೆ ಹೋಗಿ ಕೇಳಿದ್ದಾಳೆ. ಒಂದು ದೀಪ ಬಂದಿದೆ. ದಂಡ ಕಟ್ಟಿಲ್ಲ, ಕಟ್ಟುಪಾಡೂ ಹೋಗಿಲ್ಲ. ಹಿರಿಯರಲ್ಲಿ ಒಬ್ಬರು ಅಪ್ಪನ ಜೊತೆ ಮಾತು ಬಿಟ್ಟಿದ್ದಾರೆ. ನಿದ್ದೆ ಪರವಾಗಿಲ್ಲ. ಸೆಕೆಂಡ್ ಶಿಫ್ಟ್ ವಾರದಲ್ಲಿ ಅಪ್ಪ ಟಾರ್ಚ್ ಹಿಡಿದು ಗಾಡಿ ಕಾಯುತ್ತಾರೆ. ದಿನಾ ಬರಬೇಡ ಅಂತ ಅವರಿಗೆ ಹೇಗೆ ಹೇಳೋದು ಅನ್ನೋದು ಮುಂದಿನ ಭೇಟಿಯ ವಿಷಯ.