ಬ್ಯಾಕಪ್ ಇತ್ತು, ಪ್ರಸಂಗ ಇರಲಿಲ್ಲ

ಪ್ರಶ್ನೆ: ನಾನು ನಿವೃತ್ತ ಕನ್ನಡ ಅಧ್ಯಾಪಕ. ಹಳೆಯ ಯಕ್ಷಗಾನ ಪ್ರಸಂಗಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಇಡುತ್ತಿದ್ದೇನೆ. ವಿಂಡೋಸ್‌ನ ಫೈಲ್ ಹಿಸ್ಟರಿ ದಿನವೂ ಬ್ಯಾಕಪ್ ತೆಗೆಯುತ್ತಿತ್ತು. ಆದರೂ ಕಂಪ್ಯೂಟರ್ ಕೆಟ್ಟಾಗ ಡಿ ಡ್ರೈವ್‌ನಲ್ಲಿದ್ದ ಎರಡು ಪ್ರಸಂಗ ಸಿಗಲಿಲ್ಲ. ಎಲ್ಲವೂ ಬ್ಯಾಕಪ್‌ನಲ್ಲಿದೆ ಎಂದು ತಿಳಿಯುವುದು ಹೇಗೆ?
– ಓದುಗರು, ಪೆರ್ಲ, ಕಾಸರಗೋಡು

ಉತ್ತರ: ಮೊದಲು ಒಂದು ಮಾತು. ಹಳೆಯ ಹಾರ್ಡ್‌ಡಿಸ್ಕನ್ನು ಎಸೆದಿಲ್ಲ ಅಲ್ವಾ? ಎಸೆಯಬೇಡಿ. ಅದರ ವಿಷಯ ಕೊನೆಗೆ ಹೇಳುತ್ತೇನೆ.

ಫೈಲ್ ಹಿಸ್ಟರಿ ತಾನಾಗಿ ನೋಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಕೆಲವೇ ಫೋಲ್ಡರ್‌ಗಳನ್ನು. ಡಿ ಡ್ರೈವ್‌ನಲ್ಲಿ ನಾವೇ ಮಾಡಿಕೊಂಡ ಫೋಲ್ಡರ್ ಅದರ ಲೆಕ್ಕಕ್ಕೆ ಬರುವುದಿಲ್ಲ. ವಿಂಡೋಸ್ ಮತ್ತೆ ಹಾಕಬೇಕಾಗಿ ಬಂದರೆ ಉಳಿಯಲಿ ಎಂದು ಮುಖ್ಯವಾದ್ದನ್ನೆಲ್ಲ ಡಿಯಲ್ಲೇ ಇಡುತ್ತೇವೆ. ಬ್ಯಾಕಪ್‌ನಿಂದ ಬಿಟ್ಟುಹೋಗುವುದೂ ಅದೇ.

ಸುಮ್ನೆ ಫೋಲ್ಡರ್ ಹುಡುಕುತ್ತಾ ಕೂರಬೇಡಿ. ಕಂಪ್ಯೂಟರಿನಲ್ಲಿ ನೀವು ಮಾಡುವ ಕೆಲಸಗಳನ್ನು ಕಾಗದದಲ್ಲಿ ಬರೆಯಿರಿ: ಪ್ರಸಂಗ, ಅಡಿಕೆ ಲೆಕ್ಕ, ಜಾಗದ ದಾಖಲೆಯ ಸ್ಕ್ಯಾನ್, ಮೊಮ್ಮಕ್ಕಳ ಫೋಟೋ. ಒಂದೊಂದು ಫೈಲಿನ ಮೇಲೂ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ನೋಡಿ. ಅದು ಇರುವ ಜಾಗ ಅಲ್ಲಿರುತ್ತದೆ. ಪಕ್ಕದಲ್ಲಿ ಬರೆದುಕೊಳ್ಳಿ. ಬಿಟ್ಟುಹೋದ ಫೋಲ್ಡರನ್ನು ಡಾಕ್ಯುಮೆಂಟ್ಸ್ ಲೈಬ್ರರಿಗೆ ಸೇರಿಸಿದರೆ ಫೈಲ್ ಹಿಸ್ಟರಿ ಅದನ್ನೂ ತೆಗೆದುಕೊಳ್ಳುತ್ತದೆ.

ಗೂಗಲ್ ಡಾಕ್ಸ್‌ನಲ್ಲಿ ಬರೆದದ್ದು ಇದ್ದರೆ ಎಚ್ಚರ. ಕಂಪ್ಯೂಟರಿನ ಗೂಗಲ್ ಡ್ರೈವ್ ಫೋಲ್ಡರ್‌ನಲ್ಲಿ ಕಾಣುವುದು ಬರೀ ವಿಳಾಸ, ಬರಹವಲ್ಲ. ವರ್ಡ್ ಫೈಲಾಗಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಫಾಂಟಿನದು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಭಾಮಿನಿ ಷಟ್ಪದಿಯ ಸಾಲಿದ್ದಲ್ಲಿ ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮೊದಲ ಸಲ ಹಾಗೆ ಕಂಡಾಗ ಎಲ್ಲ ಹಾಳಾಯಿತೆಂದು ನಾನೂ ಗಾಬರಿಯಾಗಿದ್ದೆ. ಫೈಲ್ ಸರಿಯೇ ಇತ್ತು, ಫಾಂಟ್ ಇರಲಿಲ್ಲ. ಆದ್ದರಿಂದ ಫಾಂಟ್ ಫೈಲನ್ನೂ ಬ್ಯಾಕಪ್‌ಗೆ ಹಾಕಿ. ನುಡಿಯ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಪ್ರತಿಯೂ ಪ್ರತಿ ಪ್ರಸಂಗಕ್ಕೆ ಒಂದಿರಲಿ.

ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಒಂದು ಪ್ರಸಂಗವನ್ನು ಮಂಗಳ ಪದ್ಯದವರೆಗೂ ಓದಿ ನೋಡಿ. ಬ್ಯಾಕಪ್ ಆದ ಮೇಲೆ ಡಿಸ್ಕನ್ನು ಕಳಚಿಡಿ. ಅಕ್ಟೋಬರ್-ನವೆಂಬರ್‌ನ ತುಲಾ ಮಳೆಯ ಸಿಡಿಲು ನಿಮಗೆ ಗೊತ್ತಿದ್ದದ್ದೇ. ಇನ್ನೊಂದು ಪ್ರತಿ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ.

ಇನ್ನು ಆ ಎರಡು ಪ್ರಸಂಗ. ಕಂಪ್ಯೂಟರ್ ಕೆಟ್ಟಿತೆಂದರೆ ಡಿಸ್ಕೂ ಕೆಟ್ಟಿತೆಂದಲ್ಲ. ರಿಪೇರಿಯವರಲ್ಲಿ ಅದನ್ನು ಬಿಚ್ಚಿಸಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಲು ಹೇಳಿ. ಫಾರ್ಮ್ಯಾಟ್ ಮಾಡಬಾರದು ಎಂದು ಚೀಟಿ ಬರೆದು ಡಿಸ್ಕಿಗೆ ಅಂಟಿಸಿಯೇ ಕೊಡಿ.