ಪ್ರಶ್ನೋತ್ತರ: 'ರಿಫಿಫಿ'ಯ ಕನ್ನ ನೆನಪಿದೆ, ಕಳ್ಳನೇಕೆ ಇಲ್ಲ?

ಪ್ರಶ್ನೆ: ಹಳೆಯ ಫ್ರೆಂಚ್ ಚಿತ್ರ 'ರಿಫಿಫಿ'ಯಲ್ಲಿ ಅರ್ಧ ಗಂಟೆ ಯಾರೂ ಮಾತೇ ಆಡುವುದಿಲ್ಲವಂತೆ. ಬೇಸರವಾಗುವುದಿಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆಗುವುದಿಲ್ಲ, ಏಕೆಂದರೆ ಪಾಠ ಮೊದಲೇ ಮುಗಿದಿರುತ್ತದೆ. 1955ರ ಈ ಚಿತ್ರದಲ್ಲಿ ನಾಲ್ವರು ಪ್ಯಾರಿಸ್‌ನ ಆಭರಣದಂಗಡಿಯೊಂದಕ್ಕೆ ಕನ್ನ ಹಾಕುತ್ತಾರೆ. ಅದಕ್ಕೆ ಮುಂಚೆ ಅಂಗಡಿಯಲ್ಲಿರುವಂಥದೇ ಅಲಾರಂ ತಂದಿಟ್ಟುಕೊಂಡು ಪರೀಕ್ಷಿಸುತ್ತಾರೆ. ಚೂರು ಅದುರಿದರೂ ಅದು ಅರಚುತ್ತದೆ. ಬೆಂಕಿ ನಂದಿಸುವ ಸಿಲಿಂಡರಿನ ನೊರೆ ತುಂಬಿದರೆ ಬಾಯಿ ಮುಚ್ಚುತ್ತದೆ. ಇಷ್ಟು ಗೊತ್ತಾದ ಮೇಲೆ ಆ ರಾತ್ರಿ ಯಾರೂ ಏನನ್ನೂ ವಿವರಿಸಬೇಕಿಲ್ಲ. ಮೇಲಿನ ಮನೆಯ ನೆಲದಲ್ಲಿ ಸಣ್ಣ ತೂತು ಕೊರೆದು, ಅದರಿಂದ ಕೊಡೆಯೊಂದನ್ನು ಇಳಿಸಿ ಬಿಚ್ಚುತ್ತಾರೆ. ಉದುರುವ ಗಾರೆಯೆಲ್ಲ ಕೊಡೆಯೊಳಗೇ ಬೀಳುತ್ತದೆ. ಆಮೇಲೆ ತೂತು ಅಗಲ ಮಾಡಿ ಹಗ್ಗ ಹಿಡಿದು ಇಳಿಯುವುದು, ಅಲಾರಂಗೆ ನೊರೆ ತುಂಬುವುದು. ಅದು ತೆಪ್ಪಗಾದ ಮೇಲಷ್ಟೇ ತಿಜೋರಿ ಕೊರೆಯುವ ಕರ್ಕಶ ಸದ್ದು. ಅಲ್ಲಿಯವರೆಗೆ ಒಂದು ಕೆಮ್ಮಿಗೂ ಬೆಚ್ಚುತ್ತಿದ್ದ ನಮಗೆ ಆ ಕರ್ಕಶವೇ ಹಾಯೆನಿಸುತ್ತದೆ!

ಪ್ರಶ್ನೆ: ಕಾಲೇಜಿನ ಕಿರುಚಿತ್ರಕ್ಕೆ ಇಂಥದೇ ಮೌನದ ಕಳವು ದೃಶ್ಯ ತೆಗೆದೆವು. ನೋಡಿದವರು ಸ್ಪೀಕರ್ ಕೆಟ್ಟಿದೆ ಎಂದುಕೊಂಡರು. ಎಲ್ಲಿ ತಪ್ಪಿದೆವು?
– ವಿದ್ಯಾರ್ಥಿಗಳು, ಧಾರವಾಡ

ಉತ್ತರ: ಬಹುಶಃ ಎಡಿಟಿಂಗ್‌ನಲ್ಲಿ ಸೌಂಡ್ ಟ್ರ್ಯಾಕನ್ನು ಪೂರ್ತಿ ಕತ್ತರಿಸಿದ್ದೀರಿ. ಖಾಲಿ ಕೋಣೆಗೂ ತನ್ನದೇ ಸದ್ದಿದೆ. ಶೂಟಿಂಗ್ ಮುಗಿದ ಮೇಲೆ ಫ್ಯಾನ್, ಫ್ರಿಜ್ ಆರಿಸಿ, ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ, ಅದೇ ಮೈಕಿನಲ್ಲಿ ಒಂದು ನಿಮಿಷ ಆ ಸದ್ದು ಹಿಡಿಯಿರಿ. ದೃಶ್ಯದುದ್ದಕ್ಕೂ ಅಡಿಯಲ್ಲಿ ಅದನ್ನೇ ಹಾಸಿ. ಉಸಿರು, ಬಟ್ಟೆಯ ಸರಸರ, ಉಳಿಯ ಏಟನ್ನು ಮೈಕ್ ಹತ್ತಿರ ಹಿಡಿದು ಬೇರೆಯಾಗಿ ರೆಕಾರ್ಡ್ ಮಾಡಿ ಮೇಲೆ ಸೇರಿಸಿ. ಇನ್ನೊಂದು ತಪ್ಪು ಚಿತ್ರಕಥೆಯದಿರಬಹುದು: ಯಾವ ಸದ್ದಾದರೆ ಅಪಾಯವೆಂದು ಮೊದಲೇ ತೋರಿಸದಿದ್ದರೆ ಮೌನಕ್ಕೆ ಬೆಲೆಯಿಲ್ಲ. ಪಾತ್ರಗಳು ಮೂಕಾಭಿನಯದವರ ಹಾಗೆ ಕೈಬಾಯಿ ತಿರುಗಿಸುತ್ತಿದ್ದರೆ ಅದನ್ನೂ ತೆಗೆಯಿರಿ. ಕಸುಬು ಬಲ್ಲವರು ಕಣ್ಣಲ್ಲೇ ಮಾತಾಡುತ್ತಾರೆ.

ಭಯಕ್ಕೆ ಹಿನ್ನೆಲೆ ಸಂಗೀತ ತುಂಬಬೇಡಿ. 'ರಿಫಿಫಿ'ಯ ಈ ದೃಶ್ಯಕ್ಕೆ ಜಾರ್ಜ್ ಓರಿಕ್ ಸಂಗೀತ ಬರೆದೇ ಬರೆದಿದ್ದರು. ನಿರ್ದೇಶಕ ಜೂಲ್ಸ್ ಡ್ಯಾಸಿನ್ ಸಂಗೀತವಿದ್ದದ್ದನ್ನೂ ಇಲ್ಲದ್ದನ್ನೂ ಎರಡೂ ತೋರಿಸಿದಾಗ, ಬೇಡ ಎಂದವರು ಸ್ವತಃ ಓರಿಕ್.

ಪ್ರಶ್ನೆ: ನಾಯಕ ಟೋನಿಯಾಗಿ ನಟಿಸಿದವರು ಯಾರು? ಅವರ ಬೇರೆ ಚಿತ್ರಗಳಿವೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಜಾನ್ ಸರ್ವೆ. ಬೆಲ್ಜಿಯಂನವರು, ಹುಟ್ಟಿದ್ದು 1910ರಲ್ಲಿ. ಕುಡಿತದಿಂದ ಅವಕಾಶಗಳು ಕೈತಪ್ಪಿದ್ದ ಹೊತ್ತಿನಲ್ಲಿ ಈ ಪಾತ್ರ ಸಿಕ್ಕಿತು. ಡ್ಯಾಸಿನ್ ಕೂಡ ಆಗ, ಕಮ್ಯುನಿಸ್ಟರೆಂದು ಕೆಲಸ ನಿರಾಕರಿಸಲಾದವರ ಹಾಲಿವುಡ್ ಕಪ್ಪುಪಟ್ಟಿಗೆ ಸೇರಿ ವರ್ಷಗಟ್ಟಲೆ ಕೆಲಸವಿಲ್ಲದೆ ಕೂತಿದ್ದವರು. ಆದರೆ ಹೆಸರೆಲ್ಲ ಹೋಗಿದ್ದು ಕನ್ನದ ದೃಶ್ಯಕ್ಕೆ, ಕಾನ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಹಂಚಿಕೊಂಡ ಡ್ಯಾಸಿನ್‌ಗೆ. ಸರ್ವೆಗೆ ಸಿಗಬೇಕಾದಷ್ಟು ಸಿಗಲಿಲ್ಲವೆಂಬುದು ನಮ್ಮ ತಕರಾರು.

ಐದು ವರ್ಷ ಜೈಲಿನಲ್ಲಿದ್ದು ಬಂದ ಟೋನಿ ಇಸ್ಪೀಟಿನಲ್ಲಿ ಸೋತು ಕೂತಿರುವುದರಿಂದಲೇ ಕಥೆ ಶುರು. ಜೋತುಬಿದ್ದ ಕಣ್ಣು, ಕೆಮ್ಮು, ಗೊಗ್ಗರು ದನಿ. ಬಿಟ್ಟುಹೋದ ಹೆಂಗಸನ್ನು ಕರೆಸಿ ಬೆಲ್ಟಿನಲ್ಲಿ ಹೊಡೆಯುವ ದೃಶ್ಯ ಬೇಗನೇ ಬರುತ್ತದೆ. ಪ್ರೇಕ್ಷಕ ತನ್ನನ್ನು ಮೆಚ್ಚಲಿ ಎಂಬ ಆಸೆ ಸರ್ವೆಗೆ ಅಲ್ಲಿ ಒಂದಿಷ್ಟೂ ಇಲ್ಲ. ಅಂಥವನ ಮೇಲೆ ಕೊನೆಯ ಕಾರು ಪ್ರಯಾಣದ ಹೊತ್ತಿಗೆ ನಮಗೆ ಕರುಣೆ ಹುಟ್ಟುತ್ತದಲ್ಲ, ಅದು ನಿರ್ದೇಶಕನೊಬ್ಬನಿಂದಲೇ ಆಗುವ ಕೆಲಸವಲ್ಲ. ಕನ್ನದ ತುಣುಕನ್ನಷ್ಟೇ ಯೂಟ್ಯೂಬಿನಲ್ಲಿ ನೋಡಿದವರಿಗೆ ಇದು ತಪ್ಪಿಹೋಗುತ್ತದೆ. ಪೂರ್ತಿ ನೋಡಿ, ಎರಡು ಗಂಟೆಯೂ ಇಲ್ಲ.

ಇವರ ತಾರುಣ್ಯ ನೋಡಬೇಕೆಂದರೆ 1934ರ 'ಲೆ ಮಿಸರಾಬ್ಲ್'ನ ಮಾರಿಯಸ್ ಪಾತ್ರ. ಡ್ಯಾಸಿನ್ ಜೊತೆಗೇ 1957ರಲ್ಲಿ 'ಹಿ ಹೂ ಮಸ್ಟ್ ಡೈ' ಮಾಡಿದರು, ಅಲ್ಲಿ ನಿರಾಶ್ರಿತರ ಪಾದ್ರಿ. ಹಗುರವಾದದ್ದು ಬೇಕಿದ್ದರೆ 1964ರ 'ದಟ್ ಮ್ಯಾನ್ ಫ್ರಮ್ ರಿಯೊ'. ಅದರಲ್ಲಿನ ಪ್ರೊಫೆಸರ್ ಮೇಲೆ ಒಂದು ಕಣ್ಣಿಟ್ಟಿರಿ.