ಲೈಬ್ರರಿಯನ್‌ಗಳಿಗೆ ದಂಡ ವಸೂಲಿ ಮಾಡೋದು ಅಂದ್ರೆ ಅಷ್ಟು ಇಷ್ಟನಾ?

ಲೈಬ್ರರಿಯನ್‌ಗಳು ದಿನವಿಡೀ ಕಾದಂಬರಿ ಓದುತ್ತಾ ಕೂತಿರುತ್ತಾರೆ, ಯಾರಾದರೂ ಪಿಸುಗುಟ್ಟಿದರೂ ಸಿಡುಕುತ್ತಾರೆ, ಒಂದು ದಿನ ತಡವಾದರೂ ದಂಡ ಕೀಳುತ್ತಾರೆ, ಇದೆಲ್ಲ ನಿಜಾನಾ ಅಂತ ಕೇಳಿದ್ದೀರಿ. ಕಾಲೇಜಿನ ಪುಸ್ತಕವೊಂದು ಎರಡು ವರ್ಷದಿಂದ ನಿಮ್ಮ ಮನೆಯಲ್ಲೇ ಇದೆ ಅಂತಲೂ ಬರೆದಿದ್ದೀರಿ. ನಾನೂ ಒಂದು ಪದವಿ ಕಾಲೇಜಿನಲ್ಲಿ ಲೈಬ್ರರಿಯನ್.

ಕೆಲಸದ ಹೊತ್ತಿನಲ್ಲಿ ನಾನು ಓದುವುದು ಹೆಚ್ಚಾಗಿ ಪುಸ್ತಕದ ಬೆನ್ನು ಮಾತ್ರ! ಹೊಸ ಪುಸ್ತಕ ಬಂದರೆ ಬಿಲ್ ತಾಳೆ ನೋಡಬೇಕು, ಬಂದ ಪುಸ್ತಕಗಳನ್ನೆಲ್ಲ ಕ್ರಮಸಂಖ್ಯೆ ಕೊಟ್ಟು ಬರೆದಿಡುವ ಅಕ್ಸೆಶನ್ ರಿಜಿಸ್ಟರ್‌ಗೆ ಏರಿಸಬೇಕು, ಸೀಲು ಹಾಕಬೇಕು, ನಂಬರ್ ಅಂಟಿಸಬೇಕು. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ನಂಬರ್ 894.814. ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇನೆ.

ಸಿಡುಕುವುದು ಪರೀಕ್ಷೆ ಹತ್ತಿರ ಬಂದಾಗ ಮಾತ್ರ. ಮನೆಯಲ್ಲಿ ಕೂತು ಓದಲು ಜಾಗವೇ ಇಲ್ಲದ ಮಕ್ಕಳು ಆಗ ನಮ್ಮ ಟೇಬಲ್ ನಂಬಿ ಬರುತ್ತಾರೆ. ಅವರಿಗೋಸ್ಕರ ಗದರುತ್ತೇನೆ.

ಪುಸ್ತಕ ಒಯ್ಯುವವರಲ್ಲಿ ಎಷ್ಟು ಬಗೆ ಅಂತೀರಿ! ನನಗೆ ಬಹಳ ಇಷ್ಟವಾದವಳು ಒಬ್ಬ ಬಿ.ಕಾಂ. ಹುಡುಗಿ. ಅವಳ ಕಾರ್ಡಿನಲ್ಲಿ ಕಾದಂಬರಿ ಓದುತ್ತಿದ್ದದ್ದು ಅವಳ ಅಜ್ಜಿ. 'ಹೋದ ಸಲದ್ದು ಸಪ್ಪೆ ಇತ್ತಂತೆ ಸರ್, ಅಳು ಬರುವಂಥದ್ದು ಕೊಡಬೇಕಂತೆ' ಎಂದು ಬೇಡಿಕೆ ತರುತ್ತಿದ್ದಳು. ಒಂದು ದಿನವೂ ತಡ ಮಾಡಿದವಳಲ್ಲ, ಅಜ್ಜಿ ಬಿಡಬೇಕಲ್ಲ! ಇನ್ನೊಬ್ಬ ಹುಡುಗ ಹಿಂತಿರುಗಿಸಿದ ಪುಸ್ತಕದೊಳಗೆ ಅವನ ಹಾಲ್ ಟಿಕೆಟ್ ಸಿಕ್ಕಿತು. ಮರುದಿನವೇ ಪರೀಕ್ಷೆ. ಫೋನ್ ಮಾಡಿದರೆ, ಮನೆಮಂದಿಯೆಲ್ಲ ಸೇರಿ ಮಂಚ ಎತ್ತಿ ಹುಡುಕುತ್ತಿದ್ದರು.

ನನಗೆ ನಿಜಕ್ಕೂ ಸಿಟ್ಟು ಬರುವುದು ಬಚ್ಚಿಡುವವರ ಮೇಲೆ. ಕಾಸ್ಟ್ ಅಕೌಂಟಿಂಗ್ ಪುಸ್ತಕವನ್ನು ಯಾರೂ ಸುಳಿಯದ ತತ್ವಶಾಸ್ತ್ರದ ರ್‍ಯಾಕಿನ ಹಿಂದೆ ತುರುಕಿ ಹೋಗುತ್ತಾರೆ, ಬೇರೆಯವರಿಗೆ ಸಿಗಬಾರದು ಅಂತ. ಕಂಪ್ಯೂಟರ್ ನೋಡಿದರೆ ಪುಸ್ತಕ ಒಳಗೇ ಇದೆ ಅನ್ನುತ್ತದೆ. ಎಷ್ಟು ಹುಡುಕಿದರೂ ಸಿಗುವುದಿಲ್ಲ. ತಡವಾಗಿ ತರುವವರು ಇವರಿಗಿಂತ ಎಷ್ಟೋ ವಾಸಿ. ಅವರ ಹೆಸರಾದರೂ ನನ್ನ ಹತ್ತಿರ ಇರುತ್ತದೆ, ಅಲ್ವಾ?

ಇನ್ನು ದಂಡ. ಅದರಲ್ಲಿ ಒಂದು ರೂಪಾಯಿಯೂ ನನ್ನ ಜೇಬಿಗೆ ಬರುವುದಿಲ್ಲ. ರಸೀದಿ ಹರಿದು ಕಾಲೇಜಿನ ಖಾತೆಗೆ ಕಟ್ಟುತ್ತೇವೆ. ಅದೇ ಪುಸ್ತಕಕ್ಕೆ ಇನ್ನೊಬ್ಬರು ಕಾಯುತ್ತಿದ್ದಾಗ ದಂಡ ಹಾಕುವುದು ನ್ಯಾಯ. ಆದರೆ ದಂಡ ಬೆಳೆದ ಮೇಲೆ ಕೆಲವರು ಲೈಬ್ರರಿ ಕಡೆಗೇ ಬರುವುದಿಲ್ಲ. ಕೊನೆಗೆ ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂ ಸರ್ಟಿಫಿಕೇಟ್ ಬೇಕಾದಾಗ ಅಪ್ಪನನ್ನು ಕರೆದುಕೊಂಡು ಬಂದು ಕೌಂಟರ್ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ಮೂರು ವರ್ಷ ಓದಬಹುದಾಗಿದ್ದ ಮಗು ಕೆಲವು ರೂಪಾಯಿಗೆ ಹೆದರಿ ಹೊರಗೇ ಉಳಿಯಿತಲ್ಲ ಅಂತ.

ಆಗೆಲ್ಲ ನನಗೆ ನೆನಪಾಗುವುದು ನಮ್ಮ ದೇಶದ ಲೈಬ್ರರಿ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್. ಮೊದಲು ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಲೈಬ್ರರಿ ವಿಜ್ಞಾನದ ತರಬೇತಿ ಕೇಂದ್ರ ಶುರು ಮಾಡಿದವರೂ ಅವರೇ. 1931ರಲ್ಲಿ ಅವರು ಲೈಬ್ರರಿಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ. ನಿಮ್ಮ ಮನೆಯಲ್ಲಿರುವ ಪುಸ್ತಕ ಈಗ ಯಾರ ಬಳಕೆಗೂ ಇಲ್ಲ. ದಂಡದ ಭಯಕ್ಕೆ ಅದು ಅಲ್ಲೇ ಉಳಿದರೆ ದಂಡ ಇಟ್ಟೂ ಏನು ಬಂತು? ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ 2021ರಲ್ಲಿ ತಡವಾದದ್ದಕ್ಕೆ ದಂಡ ಹಾಕುವುದನ್ನೇ ನಿಲ್ಲಿಸಿತು. ಕಳೆದುಹೋದರೆ ಮಾತ್ರ ಬೆಲೆ ಕಟ್ಟಬೇಕು. ನಮ್ಮಲ್ಲೂ ಹಾಗೇ ಆಗಲಿ ಅಂತ ನನ್ನಾಸೆ.

ಅಲ್ಲಿಯವರೆಗೆ ನೀವು ಒಂದು ಕೆಲಸ ಮಾಡಿ. ಮಧ್ಯಾಹ್ನದ ಮೇಲೆ, ರಶ್ ಕಡಿಮೆ ಇರುವಾಗ ಪುಸ್ತಕ ತೆಗೆದುಕೊಂಡು ಹೋಗಿ. ತಡವಾಯಿತು ಅಂತ ನೇರವಾಗಿ ಹೇಳಿ, ದಂಡ ಕಡಿಮೆ ಮಾಡಲು ಆಗುತ್ತದಾ ಕೇಳಿ. ಅರ್ಜಿ ಬರೆದುಕೊಟ್ಟರೆ ಪ್ರಿನ್ಸಿಪಾಲರು ಮನ್ನಾ ಮಾಡಿದ್ದನ್ನು ನಮ್ಮ ಕಾಲೇಜಿನಲ್ಲಿ ಕಂಡಿದ್ದೇನೆ. ನಡುವೆ ಹಾಳೆ ಹರಿದಿದ್ದರೆ ನೀವೇ ಸೆಲ್ಲೋಟೇಪ್ ಹಚ್ಚಬೇಡಿ, ಹಾಗೇ ಕೊಡಿ. ಸರಿಯಾಗಿ ಅಂಟಿಸುವುದು ನಮಗೆ ಗೊತ್ತು.